ಸತುವಿಗೆ ಒತ್ತಿಲ್ಲ

ನಮ್ಮ ತಾತನಿಗೆ, ಅಂದರೆ ಅಮ್ಮನ ಅಪ್ಪನಿಗೆ, ಎತ್ತ ತಿರುಗಿದರೂ ಸತುವೇ ಕಾಣುತ್ತಿತ್ತು. ಬಚ್ಚಲಿನ ಬಕೆಟ್ಟಿನ ಮೈಮೇಲೆ ಸತು, ಸೂರಿನ ತಗಡಿನ ಮೇಲೆ ಸತು, ಟಾರ್ಚಿಗೆ ಹಾಕುವ ಸೆಲ್ಲಿನ ಡಬ್ಬಿಯೂ ಸತು. ‘ನಲ್ಲಿ ಮಾತ್ರ ಹಿತ್ತಾಳೇದು ತಾತ’ ಎಂದು ನಾನು ಮೂಗು ತೂರಿಸಿದರೆ, ‘ತಾಮ್ರಕ್ಕೆ ಸತು ಬೆರೆಸದೆ ಹಿತ್ತಾಳೆ ಏನು ಆಕಾಶದಿಂದ ಉದುರುತ್ತಾ?’ ಎಂದು ಗದರುತ್ತಿದ್ದ. ನಾನು ಕೂಸಾಗಿದ್ದಾಗ ತೊಡೆಸಂದಿ ಕೆಂಪಾದರೆ ಹಚ್ಚುತ್ತಿದ್ದ ಬಿಳಿ ಮುಲಾಮಿನಲ್ಲಿದ್ದದ್ದು ಸತುವಿನ ಬೂದಿಯಂತೆ. ಭೇದಿಯಾದಾಗ ಆಸ್ಪತ್ರೆಯವರು ಕೊಟ್ಟ ಮಾತ್ರೆಯಲ್ಲೂ ಅದೇ ಅಂತೆ. ‘ನೀನು ಸತು ತಿಂದೇ ಬೆಳೆದವಳು, ಬೇಗ ತುಕ್ಕು ಹಿಡಿಯಲ್ಲ ಬಿಡು’ ಎನ್ನುತ್ತಿದ್ದ. ಹೊಸ ಬಕೆಟ್ಟು ಮನೆಗೆ ಬಂದ ದಿನ ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಅದರ ಮೈಮೇಲಿನ ಬೂದುಬಣ್ಣದ ಹೂಗಳನ್ನು ನನಗೆ ಒಂದೊಂದಾಗಿ ತೋರಿಸುತ್ತಿದ್ದ. ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದಿ ಎತ್ತಿದಾಗ, ಸತು ಆರುತ್ತಾ ಆರುತ್ತಾ ತಾನಾಗಿ ಬಿಡಿಸಿಕೊಳ್ಳುವ ಚಿತ್ತಾರ ಅದು. ನಮ್ಮ ಮನೆಯಲ್ಲಿ ಅವನ ಜೊತೆ ಹೂ ನೋಡಲು ಕೂರುತ್ತಿದ್ದವಳು ನಾನೊಬ್ಬಳೇ.

ಈ ಹುಚ್ಚಿಗೆ ಕಾರಣವಿತ್ತು. ಸಮುದ್ರದ ದಂಡೆಯ ನಮ್ಮ ಊರಿನಲ್ಲಿ ಬೋಟು ರಿಪೇರಿ ಮಾಡುವ ಯಾರ್ಡು ಒಂದಿದೆ. ತಾತ ಅಲ್ಲಿ ಸತುಗಟ್ಟಿ ಎರಕ ಹೊಯ್ಯುವವನಾಗಿದ್ದ. ಕಬ್ಬಿಣದ ಬೋಟಿನ ಹಿಂಭಾಗದಲ್ಲಿ, ನೀರಿನೊಳಗೆ, ಬೋಟನ್ನು ಮುಂದೆ ತಳ್ಳುವ ಫ್ಯಾನು ತಿರುಗುವ ಜಾಗದ ಪಕ್ಕದಲ್ಲಿ, ಇಟ್ಟಿಗೆಯಷ್ಟು ದಪ್ಪದ ಸತುವಿನ ಗಟ್ಟಿಯನ್ನು ಬೋಲ್ಟು ಹಾಕಿ ಬಿಗಿಯುತ್ತಾರೆ. ಫ್ಯಾನು ಕಂಚಿನದು, ಬೋಟು ಕಬ್ಬಿಣದ್ದು, ಸುತ್ತಲೂ ಉಪ್ಪುನೀರು. ಈ ಮೂರು ಒಟ್ಟಿಗೆ ಸೇರಿದವೆಂದರೆ ನೀರು ಕಬ್ಬಿಣವನ್ನು ತಿನ್ನಲು ಶುರುಮಾಡುತ್ತದೆ. ಪಕ್ಕದಲ್ಲಿ ಸತು ಇದ್ದರೆ ಕಬ್ಬಿಣದ ತಂಟೆಗೆ ಹೋಗದೆ ಮೊದಲು ಸತುವನ್ನು ತಿನ್ನುತ್ತದೆ. ಗಟ್ಟಿ ಸವೆಯುತ್ತಾ ಹೋಗುತ್ತದೆ, ಬೋಟಿನ ತಗಡು ಉಳಿಯುತ್ತದೆ. ಪೂರ್ತಿ ಸವೆಯುವ ಮೊದಲು ಹೊಸದನ್ನು ಹಾಕಬೇಕು, ಅಷ್ಟೇ.

ಹಾಗಾಗಿ ಬೋಟು ದಡಕ್ಕೆ ಬಂದಾಗ ತಾತನ ಸಂತೋಷ ಎಲ್ಲರ ಸಂತೋಷಕ್ಕಿಂತ ಉಲ್ಟಾ ಇರುತ್ತಿತ್ತು. ಗಟ್ಟಿ ಗುಳಿಬಿದ್ದು, ಇಲಿ ಕಚ್ಚಿದ ಸೋಪಿನಂತಾಗಿದ್ದರೆ ಅದನ್ನು ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿಕೊಂಡು ಬರುತ್ತಿದ್ದ. ಹೊಸ ಮಾಲೀಕರು ಯಾರಾದರೂ ‘ಎಂಥ ಮಾಲು ಹಾಕಿದ್ರಿ, ವರ್ಷಕ್ಕೇ ಸವೆದುಹೋಯ್ತಲ್ಲ’ ಎಂದು ಜಗಳಕ್ಕೆ ನಿಂತರೆ, ‘ಇದು ಸವೆದಿದ್ದಕ್ಕೇ ನಿಮ್ಮ ಬೋಟು ಸವೆದಿಲ್ಲ, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿ’ ಎನ್ನುತ್ತಿದ್ದ. ಗಟ್ಟಿ ಹಾಕಿದ ಹಾಗೆಯೇ, ಮೂಲೆ ಮುಕ್ಕಾಗದೆ ಬಂತೆಂದರೆ ಮಾತ್ರ ಅವನ ಮುಖ ಸಣ್ಣಗಾಗುತ್ತಿತ್ತು. ಗಟ್ಟಿ ಕೆಲಸ ಮಾಡಿಲ್ಲ, ಅದರ ಬದಲು ಬೋಟು ತಿಂದುಹೋಗಿದೆ ಎಂದು ಅದರ ಅರ್ಥ. ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದಲ್ಲ. ಅವನು ಯಾರ್ಡಿನಲ್ಲಿದ್ದ ಕಾಲಕ್ಕೆ ನಾನಿನ್ನೂ ತೊಟ್ಟಿಲಿನಲ್ಲಿದ್ದೆ.

ಯಾರ್ಡಿನವರು ಅವನನ್ನು ಸತಣ್ಣ ಎಂದು ಕರೆಯುತ್ತಿದ್ದರಂತೆ. ಸತುವಿನ ಅಣ್ಣ, ಸತಣ್ಣ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆ ಹೆಸರಿಗೆ ಒಂದು ಒತ್ತು ಸೇರಿಕೊಂಡಿತ್ತು. ಸತ್ತಣ್ಣ. ಬದುಕಿರುವ ಮನುಷ್ಯನನ್ನು ನಡುಬೀದಿಯಲ್ಲಿ ಹಾಗೆ ಕರೆಯುತ್ತಿದ್ದರು, ಅವನೂ ‘ಏನಪ್ಪಾ’ ಎಂದು ತಿರುಗಿ ನೋಡುತ್ತಿದ್ದ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಶಾಲೆಯಿಂದ ಬರುವಾಗ ಯಾರ್ಡಿನ ಮೇಸ್ತ್ರಿಯನ್ನೇ ತಡೆದು, ‘ನಮ್ಮ ತಾತ ಸತ್ತಿಲ್ಲ, ನೆಟ್ಟಗೆ ಕರೀರಿ’ ಎಂದೆ. ಮೇಸ್ತ್ರಿ ಕೋಪಿಸಿಕೊಳ್ಳಲಿಲ್ಲ. ‘ನಿಮ್ಮಪ್ಪನ ಬೋಟಿಗೆ ಏನು ಹಾಕಿದ್ದ ಅಂತ ನಿಮ್ಮಮ್ಮನ್ನ ಕೇಳಮ್ಮ’ ಎಂದು ಹೇಳಿ ಹೊರಟುಹೋದರು.

ಕೇಳುವ ಅಗತ್ಯವಿರಲಿಲ್ಲ, ಊರಿಗೆಲ್ಲ ಗೊತ್ತಿದ್ದ ಸಂಗತಿ. ನಮ್ಮಪ್ಪನ ಬೋಟು ಗಾಳಿ ಎದ್ದ ಒಂದು ಮಧ್ಯಾಹ್ನ, ಬಂದರು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಮುಳುಗಿತು. ಹಿಂಭಾಗದ ತಗಡು ಬಿಟ್ಟುಕೊಂಡು ಇಂಜಿನ್ ಕೋಣೆಗೆ ನೀರು ನುಗ್ಗಿತ್ತು. ಜೊತೆಯಲ್ಲಿದ್ದವರು ಬಲೆಯ ತೇಲುಗುಂಡುಗಳನ್ನು ತಬ್ಬಿಕೊಂಡು ಬದುಕಿದರು. ಅಪ್ಪ ಕೆಳಗೆ ಪಂಪು ನಡೆಸುತ್ತಿದ್ದ, ಮೇಲೆ ಬರಲಿಲ್ಲ. ಆಮೇಲೆ ಬೋಟನ್ನು ಎಳೆದು ತಂದು ಯಾರ್ಡಿನಲ್ಲಿ ನಿಲ್ಲಿಸಿದಾಗ ಎಲ್ಲರಿಗಿಂತ ಮೊದಲು ಅದರಡಿಗೆ ತೆವಳಿದವನು ತಾತ. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಬಂದರಿನ ಅಧಿಕಾರಿಯ ಮುಂದೆ, ಮೇಸ್ತ್ರಿಯ ಮುಂದೆ, ಹೆರಿಗೆಯಾಗಿ ಇನ್ನೂ ನೆಟ್ಟಗೆ ನಿಲ್ಲಲಾರದ ನನ್ನ ಅಮ್ಮನ ಮುಂದೆ ಹೇಳಿದ: ‘ತಪ್ಪು ನಂದು. ಗುಜರಿ ಸಾಮಾನು ಕರಗಿಸಿ ಗಟ್ಟಿ ಹೊಯ್ದಿದ್ದೆ. ಹಳೇ ಬಾಗಿಲ ಹಿಡಿ, ಕಬ್ಬಿಣದ ಪುಡಿ, ಏನೇನೋ ಸೇರಿತ್ತು. ಕಳಪೆ ಸತು. ಕೆಲಸ ಮಾಡಿಲ್ಲ.’ ಆ ಗಟ್ಟಿ ಎಲ್ಲಿ ಎಂದು ಕೇಳಿದರೆ, ‘ಅದರ ಮುಖ ನೋಡೋಕಾಗ್ಲಿಲ್ಲ, ಬಿಚ್ಚಿ ಸಮುದ್ರಕ್ಕೆಸೆದೆ’ ಎಂದ.

ಸ್ವಂತ ಅಳಿಯನ ಬೋಟಿಗೇ ಕಳಪೆ ಮಾಲು ಹಾಕಿದವನನ್ನು ಮತ್ತೆ ಯಾರು ಹತ್ತಿರ ಸೇರಿಸುತ್ತಾರೆ? ಅಂದಿನಿಂದ ಯಾವ ಬೋಟನ್ನೂ ಮುಟ್ಟಲು ಬಿಡಲಿಲ್ಲ. ಅವನು ಮನೆಯ ಜಗಲಿಯ ಮೇಲೆ ಕೂತು ಊರವರ ತೂತು ಬಕೆಟ್ಟುಗಳಿಗೆ ಬೆಸುಗೆ ಹಾಕತೊಡಗಿದ. ಪಿಂಗಾಣಿ ಬಟ್ಟಲಿನ ಆಸಿಡ್ಡಿಗೆ ಸತುವಿನ ಚೂರು ಹಾಕಿದರೆ ಅದು ಬುಸುಬುಸು ಎಂದು ಕರಗುತ್ತಿತ್ತು. ಆ ನೀರನ್ನು ಬಿರುಕಿಗೆ ಸವರಿ, ಕಾದ ಕಬ್ಬಿಣ ಇಟ್ಟು, ಬೆಸುಗೆ ಎಳೆಯುತ್ತಿದ್ದ. ಬಕೆಟ್ಟು ಕೊಡಲು ಬಂದವರು ಕೂಡ ಜಗಲಿಯ ತುದಿಯಲ್ಲಿ ಇಟ್ಟು, ಮಾತಿಲ್ಲದೆ ಹೋಗುತ್ತಿದ್ದರು.

ಅಮ್ಮ ಅವನ ಜೊತೆ ಮಾತು ಬಿಟ್ಟಳು. ಅಜ್ಜಿ ನಾನು ಹುಟ್ಟುವ ಮೊದಲೇ ಹೋಗಿದ್ದಳು, ಅಮ್ಮನಿಗೆ ಬೇರೆ ಸೂರು ಇರಲಿಲ್ಲ, ಹಾಗಾಗಿ ಒಂದೇ ಮನೆಯಲ್ಲಿ ಇದ್ದುಕೊಂಡೇ ಮಾತು ಬಿಟ್ಟಳು. ಇಬ್ಬರ ನಡುವಿನ ಟೆಲಿಫೋನು ನಾನು. ‘ನಿಮ್ಮ ತಾತನಿಗೆ ಹೇಳು, ಊಟ ಬಡಿಸಿದೆ ಅಂತ.’ ತಾತ ಕೈಗೆಟುಕುವಷ್ಟು ದೂರದಲ್ಲೇ ಕೂತಿರುತ್ತಿದ್ದ. ‘ತಾತ, ಊಟ ಬಡಿಸಿದ್ದಾಳಂತೆ.’ ‘ಬಂದೆ ಅನ್ನು.’ ‘ಬಂದ್ನಂತೆ ಅಮ್ಮ.’ ಹೀಗೆ. ನೆಗಡಿಯಾಗಿ ನನ್ನ ಗಂಟಲು ಕಟ್ಟಿದ ದಿನ ಮನೆಯಲ್ಲಿ ಯಾರಿಗೂ ಊಟಕ್ಕೆ ಕರೆ ಹೋಗುತ್ತಿರಲಿಲ್ಲ. ಈಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಆದರೆ ಅಮ್ಮ ಅವನ ಬಟ್ಟೆ ಒಗೆಯುವುದನ್ನು, ಕೋಣೆ ಗುಡಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಸಮುದ್ರದ ಗಾಳಿಗೆ ಬಾಗಿಲು ಬಡಿಯದಿರಲೆಂದು ತಾತ ಗೋಣಿಬಟ್ಟೆ ಸುತ್ತಿದ ಒಂದು ಕಲ್ಲನ್ನು ಬಾಗಿಲಿಗೆ ಒತ್ತಿ ಇಟ್ಟಿದ್ದ. ಅಮ್ಮ ದಿನಾ ಅದನ್ನು ಕಾಲಿನಿಂದ ಸರಿಸಿ, ಅಡಿಯಲ್ಲಿ ಗುಡಿಸಿ, ಮತ್ತೆ ಕಾಲಿನಿಂದಲೇ ತಳ್ಳಿ ಅದೇ ಜಾಗಕ್ಕೆ ಸೇರಿಸುತ್ತಿದ್ದಳು.

ನಾನು ಒಮ್ಮೆ ರೇಗಿ, ‘ಹೋಗಿ ಕಾಲು ಹಿಡ್ಕೊಂಡಾದ್ರೂ ಮಾತಾಡ್ಸು ತಾತ, ನಂಗೆ ಸಾಕಾಗಿದೆ’ ಎಂದೆ. ಅವನು ಸತುವಿನ ಒಂದು ತೆಳು ಪಟ್ಟಿ ತೆಗೆದು ಬಗ್ಗಿಸಿದ, ಅದು ಟಕ್ಕೆಂದು ಮುರಿಯಿತು. ಇನ್ನೊಂದನ್ನು ಒಲೆಯ ಮೇಲೆ ಹಿಡಿದು, ಮೇಲೆ ನೀರು ಚಿಮುಕಿಸಿದರೆ ಚುರ್ ಎಂದು ಆರುವಷ್ಟು ಕಾಯಿಸಿ ಬಗ್ಗಿಸಿದ, ಅದು ಎಲೆಯ ಹಾಗೆ ಮಡಿಚಿಕೊಂಡಿತು. ‘ಇನ್ನೂ ಜಾಸ್ತಿ ಕಾಯಿಸಿದ್ರೆ ಪುಡಿಪುಡಿ. ನಡುವೆ ಒಂದು ಹದ ಇದೆ. ನಿಮ್ಮಮ್ಮ ಇನ್ನೂ ತಣ್ಣಗಿದ್ದಾಳೆ ಪುಟ್ಟಿ. ಈಗ ಬಗ್ಗಿಸೋಕೆ ಹೋದ್ರೆ ಮುರೀತಾಳೆ.’ ಅವನಿಗೆ ಸತು ಬಿಟ್ಟು ಬೇರೆ ಮಾತೇ ಬರುವುದಿಲ್ಲವಲ್ಲ ಎಂದು ನಾನು ತಲೆ ಚಚ್ಚಿಕೊಂಡೆ.

ದೊಡ್ಡವಳಾದ ಮೇಲೆ ನಾನು ಬಂದರಿನ ಬೀದಿಯಲ್ಲಿ ಬೋಟು ಸಾಮಾನಿನ ಅಂಗಡಿ ಇಟ್ಟೆ. ಹಗ್ಗ, ಬಣ್ಣ, ಬೋಲ್ಟು, ಸೀಮೆಎಣ್ಣೆ ದೀಪದ ಬತ್ತಿ, ಎಲ್ಲದರ ಜೊತೆ ಸತುಗಟ್ಟಿಯೂ ಇತ್ತು. ಈಗ ಗಟ್ಟಿಗಳು ಕಾರ್ಖಾನೆಯಿಂದಲೇ ತಯಾರಾಗಿ ಬರುತ್ತವೆ. ಪ್ರತಿಯೊಂದರ ಮೈಮೇಲೂ ‘ಬಣ್ಣ ಬಳಿಯಬೇಡಿ’ ಎಂದು ಉಬ್ಬಕ್ಷರ ಇರುತ್ತದೆ. ತಾತ ಒಮ್ಮೆ ಅಂಗಡಿಗೆ ಬಂದವನು ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತುಬಿಟ್ಟ. ‘ಇದೊಂದು ಒಳ್ಳೆ ಕೆಲಸ ಮಾಡಿದಾರೆ. ಮೊದಲೇ ಮಾಡ್ಬೇಕಿತ್ತು’ ಎಂದ. ಮತ್ತೆ ಅವನು ಅಂಗಡಿಯ ಕಡೆ ಬರಲಿಲ್ಲ. ವಯಸ್ಸಾಯಿತು, ನಡೆಯಲಾಗುವುದಿಲ್ಲ ಎಂದುಕೊಂಡೆ.

ಅಮ್ಮ ಮಧ್ಯಾಹ್ನ ನನಗೆ ಊಟದ ಡಬ್ಬಿ ತರುತ್ತಿದ್ದಳು. ಡಬ್ಬಿ ಇಟ್ಟು ಹೋಗಿಬಿಡುವವಳು, ಆ ದಿನ ಬಿಸಿಲು ಜೋರಾಗಿತ್ತೆಂದು ಸ್ವಲ್ಪ ಕೂತಳು. ಹೊಸ ಮಾಲು ಬಂದಿತ್ತು, ಗಟ್ಟಿಗಳು ನೆಲದ ಮೇಲಿದ್ದವು.

‘ಇದೇನೇ, ಸಾಮಾನಿನ ಮೇಲೆ ಬಣ್ಣ ಬಳಿಯಬೇಡಿ ಅಂತ ಬರೆದಿದಾರೆ?’

‘ಬಳಿದ್ರೆ ಅದು ಕೆಲಸ ಮಾಡಲ್ಲಮ್ಮ. ಸತುವಿಗೆ ನೀರು ತಾಗ್ಲೇಬೇಕು.’ ನಾನು ಹಗ್ಗ ಅಳೆಯುತ್ತಾ, ಗಿರಾಕಿಗಳಿಗೆ ಹೇಳುವ ಧಾಟಿಯಲ್ಲೇ ಹೇಳಿದೆ.

‘ಸೂರಿನ ತಗಡಿನ ಮೇಲೂ ಸತು ಇರುತ್ತೆ. ಅದಕ್ಕೆ ಬಳೀತೀವಲ್ಲ?’

‘ತಗಡಿನ ಮೇಲೆ ಸತು ಒಂದು ಹೊದಿಕೆ. ಅದರ ಮೇಲೆ ಬಣ್ಣ ಇನ್ನೊಂದು ಹೊದಿಕೆ. ಒಳ್ಳೇದೇ. ಗಟ್ಟಿ ಹಂಗಲ್ಲ, ಅದು ಇರೋದೇ ಸವೆಯೋಕೆ. ಬಣ್ಣ ಬಳಿದ್ರೆ ಗಟ್ಟಿ ಹೊಸದರ ಹಾಗೇ ಉಳಿಯುತ್ತೆ, ಬೋಟು ತಿಂದುಹೋಗುತ್ತೆ.’

ಹಗ್ಗ ಸುತ್ತಿಟ್ಟು ತಲೆಯೆತ್ತಿ ನೋಡಿದೆ. ಅಮ್ಮ ನೆಲದ ಮೇಲಿನ ಒಂದು ಗಟ್ಟಿಯನ್ನು ಕಾಲಿನಿಂದ ಸರಿಸಿ ನೋಡುತ್ತಿದ್ದಳು. ‘ಯಾವ ಬಣ್ಣ ಆದ್ರೂ?’ ಎಂದಳು. ‘ಯಾವುದಾದ್ರೂ’ ಎಂದೆ. ಎದ್ದು, ಛತ್ರಿಯನ್ನು ಅಲ್ಲೇ ಬಿಟ್ಟು, ಆ ಬಿಸಿಲಿನಲ್ಲಿ ಹೊರಟುಹೋದಳು. ತಲೆಸುತ್ತು ಬಂದಿರಬೇಕೆಂದು ಹೆದರಿ ನಾನೂ ಬಾಗಿಲೆಳೆದುಕೊಂಡು ಹಿಂದೆಯೇ ನಡೆದೆ.

ಮನೆಗೆ ಬಂದಾಗ ಅಮ್ಮ ತಾತನ ಕೋಣೆಯ ನೆಲದ ಮೇಲೆ ಕೂತಿದ್ದಳು. ಬಾಗಿಲಿಗೆ ಒತ್ತಿಟ್ಟಿದ್ದ ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಣಿಬಟ್ಟೆ ಬಿಚ್ಚಿದ್ದಳು. ಅದು ಕಲ್ಲಲ್ಲ. ಎರಡು ತುದಿಗೂ ಬೋಲ್ಟಿನ ತೂತಿದ್ದ ಸತುಗಟ್ಟಿ. ನಾಲ್ಕೂ ಮೂಲೆ ನೆಟ್ಟಗಿದ್ದವು, ಒಂದು ಗುಳಿಯೂ ಬಿದ್ದಿರಲಿಲ್ಲ. ಮೈಪೂರ್ತಿ ನೀಲಿ ಬಣ್ಣ.

‘ಅದು ಬೇರೆ ಬೋಟಿಂದು’ ಎಂದ ತಾತ, ಮಂಚದ ಮೇಲಿಂದ. ಅವಳು ಇನ್ನೂ ಏನೂ ಕೇಳಿರಲಿಲ್ಲ.

‘ಯಾವ ಬೋಟಿಗೆ ಈ ನೀಲಿ ಇತ್ತಪ್ಪ? ಎರಡು ಡಬ್ಬಿ ಬೆರೆಸಿ ಈ ಬಣ್ಣ ಮಾಡಿದವಳು ನಾನು.’

ಅಷ್ಟು ವರ್ಷಗಳಲ್ಲಿ ಅವಳು ಅವನನ್ನು ಅಪ್ಪ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಎಲ್ಲ ಹೊರಗೆ ಬಂತು. ಅಪ್ಪನ ಬೋಟಿಗೆ ಗಟ್ಟಿ ಹೊಯ್ದ ದಿನ ತಾತ ಅವಸರದಲ್ಲಿ ಸತುವನ್ನು ಅತಿಯಾಗಿ ಕಾಯಿಸಿದ್ದ. ಹಾಗೆ ಕಾಯಿಸಿದರೆ ಬಿಳಿ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬರುತ್ತದೆ. ಗಟ್ಟಿಯನ್ನು ಬಿಗಿದು ಬಂದವನು ಕಂಬಳಿ ಹೊದ್ದು ಮಲಗಿದ. ಮರುದಿನ ಸಮುದ್ರದ ಉಬ್ಬರ ಚೆನ್ನಾಗಿತ್ತು, ಅದು ತಪ್ಪಿದರೆ ಬೋಟನ್ನು ನೀರಿಗಿಳಿಸಲು ಮತ್ತೆ ಕಾಯಬೇಕು. ಅಪ್ಪ ಒಳಗೆ ಇಂಜಿನ್ ನೋಡುತ್ತಿದ್ದ. ಬಸುರಿಯಾಗಿದ್ದ ಅಮ್ಮ, ಬೇಡವೆಂದರೂ ಕೇಳದೆ, ಕೆಳಗೆ ಕೂತು ಬೋಟಿನ ಹಿಂಭಾಗಕ್ಕೆ ಬಣ್ಣ ಬಳಿದಳು. ಚೆಂದದ ನೀಲಿಯ ನಡುವೆ ಬೂದುಬಣ್ಣದ ಒಂದು ಮುದ್ದೆ ಬೋಳಾಗಿ ಕಂಡಿತು. ತನ್ನಪ್ಪನಿಗೆ ಜ್ವರ, ಪಾಪ, ಇದಕ್ಕೆ ಬಣ್ಣ ಬಳಿಯುವುದು ಬಿಟ್ಟುಹೋಗಿದೆ ಎಂದುಕೊಂಡಳು. ಅದಕ್ಕೂ ಬಳಿದಳು.

‘ನಂಗ್ಯಾಕೆ ಹೇಳ್ಲಿಲ್ಲ?’

‘ಏನಂತ ಹೇಳ್ಲಿ? ತೊಟ್ಟಿಲಲ್ಲಿ ಕೂಸಿತ್ತು. ಗಂಡ ಹೋದ ದುಃಖದ ಮೇಲೆ ಇದನ್ನೂ ನಿನ್ನ ತಲೆಗೆ ಕಟ್ಲಾ?’

‘ನಾನು ನಿನ್ನನ್ನ ಇಷ್ಟು ವರ್ಷ...’

‘ನನ್ನ ಮೇಲಿನ ಸಿಟ್ಟಿಗಾದ್ರೂ ದಿನಾ ಎದ್ದು ಒಲೆ ಹಚ್ತಿದ್ದೆ. ಅಷ್ಟು ಸಾಕಿತ್ತು ನಂಗೆ.’ ತಾತ ಮಂಚದಿಂದ ಇಳಿಯಲು ನೋಡಿದ, ಆಗಲಿಲ್ಲ. ‘ಮತ್ತೆ ತಪ್ಪು ನಂದೂ ಇದೆ. ಸೂರಿನ ತಗಡಿಗೆ ಬಳಿ ಅಂತ ನಿನ್ನ ಕೈಗೆ ಕುಂಚ ಕೊಟ್ಟವನು ನಾನೇ. ಗಟ್ಟಿಗೆ ಮಾತ್ರ ಬಳೀಬೇಡಿ ಅಂತ ಊರಿಗೆಲ್ಲ ಸಾರಿದೆ. ಮನೇಲಿ ಹೇಳೋದು ಬಿಟ್ಟುಹೋಯ್ತು.’

ಅಮ್ಮ ಗಟ್ಟಿಯನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. ಅವಳನ್ನು ಹೇಗೆ ಸಮಾಧಾನ ಮಾಡುವುದೆಂದು ತಾತನಿಗೆ ತೋಚಲಿಲ್ಲ. ಕೊನೆಗೆ ಹೇಳಿದ: ‘ಅಳ್ಬೇಡ ಮಗಳೇ. ಚೆನ್ನಾಗೇ ಬಳಿದಿದ್ದೆ ನೀನು. ಕೆಳಗೆ ತೆವಳ್ಕೊಂಡು ಹೋಗಿ ನೋಡಿದ್ನಲ್ಲ, ಒಂದು ಮೂಲೇನೂ ಬಿಟ್ಟಿರ್ಲಿಲ್ಲ.’

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹಿತ್ತಲಿಗೆ ಹೋಗಿ ಬಕೆಟ್ಟಿನ ನೀರಿನಲ್ಲಿ ಮುಖ ಅದ್ದಿದೆ.

ಆ ಸಂಜೆಯೇ ಯಾರ್ಡಿಗೆ ಹೋಗಿ ಎಲ್ಲರಿಗೂ ಹೇಳಿಬರುತ್ತೇನೆ ಎಂದು ಅಮ್ಮ ಎದ್ದಳು. ತಾತ ಬಿಡಲಿಲ್ಲ. ‘ನಾನಿರೋ ತನಕ ಬೇಡ. ಇಷ್ಟು ದಿನ ಕಾಪಾಡ್ಕೊಂಡು ಬಂದಿದ್ದು ಒಂದೇ ಸಂಜೇಲಿ ಹಾಳಾಗುತ್ತೆ. ಏನಾದ್ರೂ ಮಾಡ್ಲೇಬೇಕು ಅನ್ನೋದಾದ್ರೆ ಅದನ್ನ ಉಜ್ಜು. ಒಳ್ಳೆ ಸತು ಅದು, ಸುಮ್ನೆ ಬಾಗಿಲು ಕಾಯ್ತಾ ಬಿದ್ದಿದೆ. ಯಾವುದಾದ್ರೂ ಬೋಟಿಗೆ ಹಾಕಿ.’ ಅವಳು ತಂತಿ ಬ್ರಷ್ಷು ಹಿಡಿದು ಅವನ ಮಂಚದ ಪಕ್ಕದಲ್ಲೇ ಕೂತಳು. ಬ್ರಷ್ಷಿನ ಸದ್ದಿನ ನಡುವೆ ತಾತ ಮಾತ್ರ ಹೇಳುತ್ತಲೇ ಇದ್ದ: ‘ಬೋಲ್ಟಿನ ತೂತಿನ ಒಳಗೂ ಉಜ್ಜು. ಅಲ್ಲಿ ಬಣ್ಣ ಉಳಿದ್ರೆ ಕಬ್ಬಿಣಕ್ಕೆ ಸತು ತಾಗಲ್ಲ.’ ‘ಹೂಂ ಅಪ್ಪ’ ಎನ್ನುತ್ತಿದ್ದಳು.

ಟೆಲಿಫೋನಿಗೆ ಕೆಲಸ ತಪ್ಪಿತು. ಮನೆಯಲ್ಲಿ ಅವರಿಬ್ಬರ ಮಾತು ಕೇಳಿಸುತ್ತಿತ್ತು, ಉಪ್ಪು ಕಡಿಮೆಯಾಯಿತೇ, ಕಿಟಕಿ ತೆಗೆಯಲೇ, ಇಂಥವು. ನಾನು ಬಾಗಿಲ ಹಿಂದೆ ನಿಂತು ಕಳ್ಳಿಯ ಹಾಗೆ ಕೇಳುತ್ತಿದ್ದೆ. ಇಷ್ಟು ಸಣ್ಣ ಮಾತುಗಳಿಗೆ ಇವರನ್ನು ಇಷ್ಟು ವರ್ಷ ಕಾಯಿಸಿದ್ದು ಯಾವ ನ್ಯಾಯ ಎಂದು ಯಾರನ್ನು ಕೇಳಬೇಕೋ ತಿಳಿಯದೆ ಸಿಟ್ಟು ಬರುತ್ತಿತ್ತು. ಅದೂ ಹೆಚ್ಚು ದಿನ ನಡೆಯಲಿಲ್ಲ. ಮಳೆಗಾಲ ಶುರುವಾದ ಮೇಲೆ ತಾತ ಎದ್ದು ಕೂರುವುದನ್ನು ಬಿಟ್ಟ. ಒಂದು ಬೆಳಿಗ್ಗೆ ಅಮ್ಮ ಗಂಜಿ ತಂದು, ‘ಅಪ್ಪ, ಏಳು’ ಎಂದು ಕರೆದಳು, ಮತ್ತೆ ಮತ್ತೆ ಕರೆದಳು. ಅವಳ ಕರೆಗೆ ಉತ್ತರ ಕೊಡದೆ ಅವನು ಸುಮ್ಮನಿದ್ದದ್ದು ಅದೊಂದೇ ಸಲ.

ಉಜ್ಜಿದ ಗಟ್ಟಿಯನ್ನು ಅವನು ಇರುವಾಗಲೇ ನನ್ನ ಗಿರಾಕಿಯೊಬ್ಬರ ಬೋಟಿಗೆ ಹಾಕಿಸಿದ್ದೆ. ಮುಂದಿನ ವರ್ಷ ಆ ಬೋಟು ಯಾರ್ಡಿಗೆ ಬಂತು. ಅಮ್ಮ ಬೆಳಿಗ್ಗೆಯೇ ಹೋಗಿ, ಅದು ನೀರು ಇಳಿಸಿಕೊಳ್ಳುವುದನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಯಾರನ್ನೂ ಕೇಳದೆ, ಸೆರಗು ಸಿಕ್ಕಿಸಿಕೊಂಡು, ಬೋಟಿನಡಿಗೆ ತೆವಳಿಕೊಂಡು ಹೋದಳು. ಮೇಸ್ತ್ರಿ, ಈಗ ಮುದುಕರು, ‘ಏನಮ್ಮ ಇದು, ಹೊರಗೆ ಬನ್ನಿ’ ಎಂದು ಕೂಗಿದರು. ಅವಳು ಬಂದದ್ದು ಗಟ್ಟಿಯನ್ನು ಬಿಚ್ಚಿಕೊಂಡ ಮೇಲೆ. ಇಟ್ಟಿಗೆಯಷ್ಟಿದ್ದದ್ದು ಅಂಗೈಯಷ್ಟಾಗಿತ್ತು, ಎಲ್ಲ ಕಡೆಯಿಂದಲೂ ಒಂದೇ ಸಮ ಸವೆದಿತ್ತು. ಬೋಟಿನ ತಗಡಿನ ಮೇಲೆ ಒಂದು ಗುಳಿಯೂ ಇರಲಿಲ್ಲ.

‘ಇದು ನಮ್ಮಪ್ಪ ಹೊಯ್ದ ಗಟ್ಟಿ. ನನ್ನ ಗಂಡನ ಬೋಟಿಗೆ ಹಾಕಿದ್ದು ಇದೇ. ಕಳಪೆ ಆಗಿರಲಿಲ್ಲ. ಇದರ ಮೇಲೆ ಬಣ್ಣ ಬಳಿದವಳು ನಾನು. ಅದು ನಂಗೆ ಗೊತ್ತಾಗ್ಬಾರದು ಅಂತ ಅವನು ಸುಳ್ಳು ಹೇಳಿದ.’ ಇಷ್ಟು ಹೇಳಿ ಅದನ್ನು ಮೇಸ್ತ್ರಿಯ ಕೈಯಲ್ಲಿಟ್ಟಳು.

ಮೇಸ್ತ್ರಿ ಗಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಉಗುರಿನಿಂದ ಗೀರಿದರು. ನಾನು ಚಿಕ್ಕವಳಿದ್ದಾಗ ಅವರ ಬಾಯಿಂದ ಎಷ್ಟು ಸಲ ಆ ಒತ್ತು ಕೇಳಿದ್ದೆನೋ ಲೆಕ್ಕವಿಲ್ಲ. ಈಗ ಅವನು ನಿಜವಾಗಿಯೂ ಸತ್ತಿದ್ದ.

‘ಸತಣ್ಣನ ಕೈ’ ಎಂದರು ಅವರು, ಮೆಲ್ಲಗೆ. ‘ಸತಣ್ಣನದೇ.’